ಬಿದ್ದ ಹಲಸಿನ ಮರ: ಮಾರುವ ಮುಂಚೆ ನೀವೇ ಟೇಪು ಹಿಡಿಯಿರಿ

ಅಕ್ಕಾ, ನಿಮ್ಮ ಪೋಸ್ಟ್ ನಿನ್ನೆಯೇ ಓದಿದೆ, ಬರೆಯಲು ಈಗ ಪುರುಸೊತ್ತಾಯಿತು. ಹೋದ ವಾರದ ಗಾಳಿಗೆ ನಿಮ್ಮ ಮನೆ ಹಿಂದಿನ ಹಳೇ ಹಲಸು ಬುಡಸಮೇತ ಬಿದ್ದಿದೆ. ವ್ಯಾಪಾರಿ 15 ಘನ ಅಡಿ ಅಂತ ಲೆಕ್ಕ ಹೇಳಿ ಒಟ್ಟಿಗೆ ಕೊಡಿ ಅಂತಿದ್ದಾರೆ. ಏಪ್ರಿಲ್‌ನಲ್ಲಿ ಹೊಸ ಮನೆ ಒಕ್ಕಲು. ಮಾರುವುದಾ, ಬಾಗಿಲಿಗೆ ಇಟ್ಟುಕೊಳ್ಳುವುದಾ ಅಂತ ಕೇಳಿದ್ದೀರಿ. ಇಟ್ಟುಕೊಳ್ಳಿ. ಸಾಮಿಲ್ಲಿನಲ್ಲಿ ಹಲಗೆಯಾಗಿ ಕೊಯ್ಯಿಸಲು ಮಾತ್ರ ಅವಸರ ಮಾಡಿ, ಬಾಗಿಲು ಮಾಡಲು ಅವಸರ ಬೇಡ.

ಮೊದಲು ಆ 15ರ ವಿಷಯ. ದಿಮ್ಮಿ 10 ಅಡಿ ಉದ್ದ, ನಡುವೆ ಸುತ್ತಳತೆ 6 ಅಡಿ ಅಂತ ನೀವೇ ಬರೆದಿದ್ದೀರಿ. ನಮ್ಮ ಕಡೆ ನಾಟಾ (ಕೊಯ್ಯುವ ಮರ) ಲೆಕ್ಕ ಹಾಕುವುದು ಸುತ್ತಳತೆಯ ಕಾಲು ಭಾಗ ಹಿಡಿದು. 6ರ ಕಾಲು ಒಂದೂವರೆ. ಒಂದೂವರೆ ಗುಣಿಸು ಒಂದೂವರೆ ಎರಡೂಕಾಲು. ಅದಕ್ಕೆ ಉದ್ದ 10 ಗುಣಿಸಿದರೆ 22.5 ಘನ ಅಡಿ. ಹಾಗಾದರೆ 15 ಎಲ್ಲಿಂದ ಬಂತು? ಸಪೂರ ತುದಿಯಲ್ಲಿ ಟೇಪು ಹಿಡಿದಿರಬೇಕು. ಅಲ್ಲಿ 5 ಅಡಿ ಇದ್ದರೆ ಲೆಕ್ಕ 15.6 ಬರುತ್ತದೆ. ಇನ್ನೊಂದು ಮಾತು, ಈ ಕಾಲು ಲೆಕ್ಕ ಮೊದಲೇ ವ್ಯಾಪಾರಿ ಪರ ಇದೆ. ದುಂಡಗಿನ ದಿಮ್ಮಿಯ ನಿಜವಾದ ಗಾತ್ರದಲ್ಲಿ ಸುಮಾರು ನೂರಕ್ಕೆ 78 ಪಾಲು ಮಾತ್ರ ಇದರಲ್ಲಿ ಬರುತ್ತದೆ. ಉಳಿದದ್ದು ತೊಗಟೆ, ಕೊಯ್ತದ ನಷ್ಟ ಅಂತ ಬಿಟ್ಟಾಗಿದೆ. ಅದರ ಮೇಲೆ ಮತ್ತೆ ತುದಿ ಅಳತೆ ಹಿಡಿಯುವುದು ಯಾವ ನ್ಯಾಯ?

22.5ರಲ್ಲಿ ಅರ್ಧ ಕೈಗೆ ಸಿಕ್ಕರೂ 11 ಘನ ಅಡಿ ಆಯ್ತು. 7 ಅಡಿ ಎತ್ತರ, ಮೂರೂವರೆ ಅಡಿ ಅಗಲದ ಬಾಗಿಲಿಗೆ 5 ಇಂಚು ಗುಣಿಸು 3 ಇಂಚಿನ ದಾರಂದ (ಬಾಗಿಲ ಚೌಕಟ್ಟು) ಮಾಡಿದರೆ ಹೊಸಿಲು ಸೇರಿ ಸುಮಾರು 2.2 ಘನ ಅಡಿ ಹೋಗುತ್ತದೆ. ಅಂದರೆ ಮೂರು ದಾರಂದ ಮಾಡಿಯೂ ಎದುರು ಬಾಗಿಲಿನ ಹಲಗೆಗೆ ಮರ ಉಳಿಯುತ್ತದೆ.

ಕತ್ತರಿಸುವಾಗ ಜೋಪಾನ. ಬುಡಸಮೇತ ಬಿದ್ದ ಮರದ ಕಾಂಡ ಕತ್ತರಿಸಿದ ಕೂಡಲೇ ಬೇರಿನ ಗಡ್ಡೆ ಮಣ್ಣು ಸಮೇತ ಎದ್ದು ಹಿಂದಕ್ಕೆ ಕೂರುತ್ತದೆ. ಆ ಗುಂಡಿ ಹತ್ತಿರ ಮಕ್ಕಳು, ನಾಯಿ ಯಾರೂ ಇರಬಾರದು. ಅನುಭವ ಇರುವವರಿಂದಲೇ ಮಾಡಿಸಿ. ಮನೆ ಹಿಂದಿನ ಮರ ಅಂದಮೇಲೆ ಬಟ್ಟೆ ಹಗ್ಗದ ಮೊಳೆ, ಬೇಲಿ ತಂತಿ ಒಳಗೆ ಹೂತಿರುತ್ತದೆ. ಎಲ್ಲಿ ಹೊಡೆದಿದ್ದರು ಅಂತ ಹಿರಿಯರನ್ನು ಕೇಳಿ ಸುಣ್ಣದಲ್ಲಿ ಗುರುತು ಹಾಕಿ. ಇಲ್ಲದಿದ್ದರೆ ಸಾಮಿಲ್ಲಿನವರು ಬ್ಲೇಡಿನ ದುಡ್ಡೂ ಕೇಳುತ್ತಾರೆ. ಸಾಗಿಸುವ ಮುಂಚೆ ಅರಣ್ಯ ಇಲಾಖೆಯ ರೇಂಜ್ ಆಫೀಸಿನಲ್ಲಿ ಒಂದು ಸಲ ವಿಚಾರಿಸಿ. ನಮ್ಮ ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಪಹಣಿ, ಬಿದ್ದ ಮರದ ಫೋಟೋ ಜೊತೆಗಿರಲಿ.

ದಿಮ್ಮಿ ತುಂಡಾದ ದಿನವೇ ಎರಡೂ ತುದಿಗೆ ದಪ್ಪಗೆ ಪೇಂಟ್ ಬಳಿಯಿರಿ. ಹಳೇ ಡಬ್ಬದ ತಳದ ಗಟ್ಟಿ ಪೇಂಟ್ ಆದರೂ ಸೈ, ಮೇಣ ಆದರೂ ಸೈ. ಹಿಂದೆ ಸೆಗಣಿ ಮೆತ್ತುತ್ತಿದ್ದರು, ಅದೂ ಇದೇ ಕಾರಣಕ್ಕೆ. ಮರದೊಳಗೆ ನೀರು ಹರಿಯುವ ಕೊಳವೆಗಳೆಲ್ಲ ಉದ್ದಕ್ಕೆ ಇರುತ್ತವೆ. ಹಾಗಾಗಿ ತುದಿ ಒಣಗುವ ವೇಗ ಪಕ್ಕಕ್ಕಿಂತ ಸುಮಾರು 10 ಪಟ್ಟು. ತುದಿ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ. ಅಲ್ಲೇ ಸೀಳು ಬಿಡುವುದು.

ದಿಮ್ಮಿಯನ್ನು ಕೆರೆಯಲ್ಲಿ ಮುಳುಗಿಸಿಡಿ ಅಂತ ನಿಮ್ಮ ಬಡಗಿ ಆಚಾರ್ರು ಹೇಳಿದ್ದನ್ನೂ ಬರೆದಿದ್ದೀರಿ, ಅದು ಸುಳ್ಳಲ್ಲ. ನೀರಿನಲ್ಲಿ ಮರದ ಪಿಷ್ಟ, ಸಕ್ಕರೆ ಕಡಿಮೆಯಾಗುತ್ತದೆ, ಮರ ಕೊರೆಯುವ ಕುಟ್ಟೆ ಹುಳಕ್ಕೆ ತಿನ್ನಲು ಹೆಚ್ಚೇನೂ ಸಿಗುವುದಿಲ್ಲ. ಆದರೆ ಪೂರ್ತಿ ಮುಳುಗಿರಬೇಕು, ಮೇಲೆ ಕಾಣುವ ಭಾಗಕ್ಕೆ ಹುಳ ಬೀಳುತ್ತದೆ. ಮತ್ತೆ, ಮುಳುಗಿಸಿದರೆ ಮರ ಒಣಗಿದ ಹಾಗಲ್ಲ! ನಿಮಗೆ ಏಪ್ರಿಲ್ ಗಡುವು ಇರುವುದರಿಂದ ಕೆರೆ ಬೇಡ, ಈ ತಿಂಗಳೇ ಕೊಯ್ಯಿಸಿ. ಅಮಾವಾಸ್ಯೆಗೆ ಕಡಿದ ಮರಕ್ಕೆ ಹುಳ ಬೀಳಲ್ಲ ಅಂತ ಒಬ್ಬರು ಕಮೆಂಟ್ ಹಾಕಿದ್ದಾರೆ. ಗಾಳಿ ಪಂಚಾಂಗ ನೋಡಿ ಬೀಸುವುದಿಲ್ಲವಲ್ಲ, ಬಿಡಿ.

ಕೊಯ್ಯಿಸುವಾಗ ಪಕ್ಕದಲ್ಲೇ ನಿಂತಿರಿ. ಹಲಸು ತೆರೆದಾಗ ಒಳಗೆ ಹಳದಿ ಬಣ್ಣದ ಚೇಗು (ಗಟ್ಟಿ ಮರ), ಸುತ್ತ ಬಿಳಿ ಮರ. ಚೇಗಿಗೆ ಒರಲೆ (ಗೆದ್ದಲು) ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಬಿಳಿ ಮರಕ್ಕೆ ಹುಳ ಬೇಗ ಬೀಳುತ್ತದೆ, ಅದು ದಾರಂದದಲ್ಲಿ ಇರಲೇಬಾರದು. ನಟ್ಟನಡುವಿನ ತಿರುಳನ್ನೂ ತುಂಡಿನೊಳಗೆ ಬಿಡಬೇಡಿ, ಅದಿದ್ದ ತುಂಡು ಬಿರಿಯುವುದು ಖಚಿತ. 5 ಇಂಚಿಗೆ ಐದೂವರೆ, 3ಕ್ಕೆ ಮೂರೂವರೆ ಅಂತ ದಪ್ಪ ಬಿಟ್ಟು ಕೊಯ್ಯಿಸಿ. ಕುಗ್ಗುವುದಕ್ಕೆ, ತೋಪಡ ಹಾಕಿ ನುಣುಪು ಮಾಡುವುದಕ್ಕೆ ಅಷ್ಟು ಬೇಕು.

ಕೊಯ್ಯುವಾಗ ಬೀಳುವ ಹಳದಿ ಹುಡಿ ಎಸೆಯಬೇಡಿ. ಬರ್ಮಾ, ಥಾಯ್ಲೆಂಡ್ ಕಡೆ ಬೌದ್ಧ ಭಿಕ್ಷುಗಳ ಬಟ್ಟೆಗೆ ಹಲಸಿನ ಚೇಗು ಕುದಿಸಿದ ಬಣ್ಣವನ್ನೇ ಹಾಕುತ್ತಿದ್ದರು. ನಮ್ಮ ಮನೆಯವಳು ಒಂದು ಪಾತ್ರೆ ಹುಡಿ ಕುದಿಸಿ, ಸೋಸಿ, ಸ್ವಲ್ಪ ಪಟಿಕ ಹಾಕಿ ನನ್ನ ಹಳೇ ಬಿಳಿ ಪಂಚೆ ಅದ್ದಿದಳು. ಒಳ್ಳೇ ಅರಿಶಿನದ ಬಣ್ಣ ಬಂತು. ಉಟ್ಟು ಪೇಟೆಗೆ ಹೋಗುವ ಧೈರ್ಯ ಮಾತ್ರ ಬರಲಿಲ್ಲ.

ಇನ್ನು ಕೊಯ್ದ ತುಂಡುಗಳನ್ನು ಒಣಗಲು ಅಟ್ಟಿ ಹಾಕುವುದು. ನೆಲದಿಂದ ಒಂದೂವರೆ ಅಡಿ ಎತ್ತರ, ಮೇಲೆ ಶೀಟು, ನಾಲ್ಕೂ ಕಡೆ ಗಾಳಿ. ಪ್ರತಿ ಸಾಲಿನ ನಡುವೆ ಒಂದಿಂಚಿನ ಒಣ ರೀಪು (ಮರದ ಪಟ್ಟಿ), ಎರಡು ಅಡಿಗೊಂದು. ರೀಪುಗಳು ಕೆಳಗಿನಿಂದ ಮೇಲಿನವರೆಗೆ ಒಂದರ ನೇರಕ್ಕೆ ಒಂದು ಬರಬೇಕು, ಇಲ್ಲದಿದ್ದರೆ ಹಲಗೆ ಬಾಗುತ್ತದೆ. ಎಲ್ಲಕ್ಕಿಂತ ಮೇಲೆ ಕಲ್ಲು ಹೇರಿ. ಮಳೆ ಅಂತ ಟಾರ್ಪಾಲಿನಲ್ಲಿ ಸುತ್ತಬೇಡಿ, ಒಳಗೆ ಬೂಷ್ಟು ಹಿಡಿಯುತ್ತದೆ. ಹಲಗೆಯಲ್ಲಿ ಬಿಳಿ ಮರ ಉಳಿಸಿಕೊಳ್ಳುವುದಾದರೆ, ಹಸಿ ಇರುವಾಗಲೇ ಬೋರಿಕ್ ಆಸಿಡ್ ಒಂದು ಪಾಲು, ಬೋರಾಕ್ಸ್ ಒಂದೂವರೆ ಪಾಲು ನೀರಿನಲ್ಲಿ ಕರಗಿಸಿ ಬಳಿಯಿರಿ. ಹಸಿಯ ಜೊತೆ ಮದ್ದೂ ಒಳಗೆ ಇಳಿಯುತ್ತದೆ. ಕೈಗೆ ಗ್ಲೌಸ್ ಹಾಕಿ.

ಒಣಗಿತೋ ಇಲ್ಲವೋ ಅಂತ ಬೆರಳಲ್ಲಿ ತಟ್ಟಿ ಹೇಳುವವರು ತುಂಬ ಜನ. ನಾನು ನಂಬುವುದು ಅಡುಗೆಮನೆ ತಕ್ಕಡಿ. ಹಲಗೆಯ ತುದಿಯಿಂದ ಒಂದಡಿ ಒಳಗೆ ಸಣ್ಣ ತುಂಡು ಕತ್ತರಿಸಿ ತೂಗಿ. ಓವನ್‌ನಲ್ಲಿ 103 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿ. ಕಳೆದ ಸಲ ನನ್ನ ತುಂಡು 186 ಗ್ರಾಂ ಇದ್ದದ್ದು 155ಕ್ಕೆ ನಿಂತಿತು. ಹೋದ ನೀರು 31 ಗ್ರಾಂ, ಅದನ್ನು 155ರಿಂದ ಭಾಗಿಸಿದರೆ ತೇವ ನೂರಕ್ಕೆ 20. ಬಾಗಿಲಿಗೆ 12ರಿಂದ 14 ಬೇಕು. ಮತ್ತೆ ಎರಡು ತಿಂಗಳು ಕಾದೆ.

ಹಾಗೆ ಕಾಯಲು ಕಲಿತದ್ದು ಪೆಟ್ಟು ತಿಂದ ಮೇಲೆ. ನಮ್ಮ ಮನೆ ಒಕ್ಕಲಿಗೆ ಹಸಿ ಹಲಸಿನಲ್ಲೇ ಎದುರು ಬಾಗಿಲು ಮಾಡಿಸಿದ್ದೆ. ಮೇ ತಿಂಗಳು ಬರುವಾಗ ಎರಡು ಹಲಗೆ ನಡುವೆ ಕಿರುಬೆರಳು ತೂರುವಷ್ಟು ಸಂದು. ಅಂಗಳಕ್ಕೆ ಯಾರು ಬಂದರು ಅಂತ ಬಾಗಿಲು ತೆಗೆಯದೆಯೇ ಕಾಣುತ್ತಿತ್ತು.

ಒಂದಿಂಚಿಗೆ ಒಂದು ವರ್ಷ ಅನ್ನುವ ಲೆಕ್ಕ ಚಳಿ ದೇಶದ್ದು. ನಮ್ಮಲ್ಲಿ ಒಂದೂಕಾಲು ಇಂಚಿನ ಹಲಗೆ ಮಳೆಗಾಲ ಕಳೆದು ಫೆಬ್ರವರಿ, ಮಾರ್ಚ್ ಬಿಸಿಲುಗಾಲ ಕಂಡರೆ ಸುಮಾರಾಗಿ ತಯಾರಾಗುತ್ತದೆ. ದಾರಂದದ ದಪ್ಪ ತುಂಡು ಅಷ್ಟರಲ್ಲಿ ಪೂರ್ತಿ ಒಣಗದು. ಆದರೂ ಚಿಂತೆ ಇಲ್ಲ, ದಾರಂದ ಸ್ವಲ್ಪ ಕುಗ್ಗಿದರೆ ಗೋಡೆ ಬದಿಯ ಸಂದು ಮುಚ್ಚಬಹುದು. ಗಡುವು ತೀರಾ ಹತ್ತಿರ ಬಂದರೆ ಸೀಸನಿಂಗ್ ಚೇಂಬರ್ (ಮರ ಒಣಗಿಸುವ ಕೋಣೆ) ಇರುವ ಸಾಮಿಲ್ಲಿಗೆ ಹಲಗೆ ಮಾತ್ರ ಕೊಡಿ. ಬಾಗಿಲ ನಡುವಿನ ಹಲಗೆಗೆ ಅಂಟು ಹಾಕಬೇಡಿ ಅಂತ ಆಚಾರ್ರಿಗೆ ಈಗಲೇ ಹೇಳಿಡಿ. ಸುತ್ತಲಿನ ಪಟ್ಟಿಯಲ್ಲಿ ಕೊರೆದ ತೋಡಿನೊಳಗೆ ಸಡಿಲವಾಗಿ ಕೂತರೆ ಮಳೆಗಾಲಕ್ಕೆ ಉಬ್ಬಿ, ಬೇಸಿಗೆಗೆ ಕುಗ್ಗಿ ತನ್ನಷ್ಟಕ್ಕೆ ಇರುತ್ತದೆ.

ಬುಡದ ಕಡೆಯ ದಪ್ಪ ತುಂಡು ಸೌದೆಗೆ ಹಾಕಬೇಡಿ. ಮೃದಂಗ, ಚೆಂಡೆ, ವೀಣೆ ಮೂರಕ್ಕೂ ಹಲಸು ಬೇಕು. ಹತ್ತಿರದಲ್ಲಿ ವಾದ್ಯ ಮಾಡುವವರಿದ್ದರೆ ತೋರಿಸಿ, ವ್ಯಾಪಾರಿಗಿಂತ ಒಳ್ಳೇ ಬೆಲೆ ಸಿಕ್ಕರೂ ಸಿಗಬಹುದು. ಉಳಿದ ಚೂರಿನಲ್ಲಿ ನಾಲ್ಕು ಮಣೆ ಆಗುತ್ತದೆ.

ತುದಿಗೆ ಪೇಂಟ್ ಬಳಿದ ಮೇಲೆ ಫೋಟೋ ಹಾಕಿ. ಸಪೂರ ತುದಿಯ ಸುತ್ತಳತೆಯನ್ನೂ ಬರೆಯಿರಿ, ನನ್ನ 15.6ರ ಲೆಕ್ಕ ಸರಿಯಾ ನೋಡೋಣ.