ಮಿಸ್ಟೇರ್‌ನಂಥ ನಿಧಾನದ ವಿಮಾನದಲ್ಲಿ ದೇವಯ್ಯ ಸ್ಟಾರ್‌ಫೈಟರನ್ನು ಹೊಡೆದುರುಳಿಸಿದ್ದು ಹೇಗೆ? ಪದಕಕ್ಕೆ 23 ವರ್ಷ ಯಾಕೆ?

ಶಬ್ದದ ಎರಡು ಪಟ್ಟು ವೇಗದ ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರನ್ನು, ನೇರ ಹಾರಾಟದಲ್ಲಿ ಶಬ್ದವೇಗವನ್ನೂ ದಾಟದ ಭಾರತದ ಮಿಸ್ಟೇರ್ ಕೆಡವಿತು ಅಂದರೆ ನಿಮಗೆ ಅನುಮಾನ ಬಂದದ್ದು ಸಹಜ. ಆದರೆ ಆ ಎರಡು ಪಟ್ಟು ವೇಗ ಸಿಗುವುದು ತೀರಾ ಎತ್ತರದ ತೆಳು ಗಾಳಿಯಲ್ಲಿ. 1965ರ ಭಾರತ-ಪಾಕ್ ಯುದ್ಧದಲ್ಲಿ, ಸೆಪ್ಟೆಂಬರ್ 7ರ ಬೆಳಗ್ಗೆ ಕಾಳಗ ನಡೆದದ್ದು ನೆಲಕ್ಕೆ ಅಂಟಿಕೊಂಡಂತೆ, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಹತ್ತಿರ.

ಅಷ್ಟು ಕೆಳಗೆ ನಿರ್ಣಾಯಕವಾಗುವುದು ತಿರುವು. ತಿರುವಿನ ತ್ರಿಜ್ಯ ವೇಗದ ವರ್ಗಕ್ಕೆ ತಕ್ಕಂತೆ ಹಿಗ್ಗುತ್ತದೆ: 4 ಜಿ (ಗುರುತ್ವದ ನಾಲ್ಕು ಪಟ್ಟು) ಎಳೆತದಲ್ಲಿ ಗಂಟೆಗೆ 800 ಕಿ.ಮೀ. ವೇಗದ ವಿಮಾನಕ್ಕೆ ಸುಮಾರು 1,300 ಮೀಟರ್ ಬೇಕು, 600 ಕಿ.ಮೀ. ಇದ್ದರೆ 730 ಸಾಕು. ಸ್ಟಾರ್‌ಫೈಟರೂ ವೇಗ ಇಳಿಸಬಹುದಲ್ಲ ಅಂತೀರಾ? ಎಡವಟ್ಟಾಗುವುದು ಅಲ್ಲೇ. ಅದರ ರೆಕ್ಕೆ ಈ ತುದಿಯಿಂದ ಆ ತುದಿಗೆ ಏಳು ಮೀಟರೂ ಇಲ್ಲ. ನಿಧಾನವಾದರೆ ವಿಮಾನವನ್ನು ಎತ್ತಿ ಹಿಡಿಯುವುದೇ ಕಷ್ಟ, ಇನ್ನು 4 ಜಿಯಲ್ಲಿ ತಿರುಗಿಸುವುದು ಎಲ್ಲಿ ಬಂತು! ರಭಸದಿಂದ ಬಂದು ಹೊಡೆದು ಮೇಲಕ್ಕೆದ್ದು ಹೋಗುವುದೊಂದೇ ಅದಕ್ಕೆ ಹೇಳಿ ಮಾಡಿಸಿದ ವರಸೆ.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಕೊಡಗಿನವರು, 1932ರಲ್ಲಿ ಹುಟ್ಟಿ 1954ರಲ್ಲಿ ವಾಯುಪಡೆ ಸೇರಿದವರು. ಯುದ್ಧ ಶುರುವಾಗುವ ಹೊತ್ತಿಗೆ ಹಾರಾಟ ಕಲಿಸುವ ಮೇಷ್ಟ್ರು. ಅಲ್ಲಿಂದ ಆದಂಪುರದ 1ನೇ ಸ್ಕ್ವಾಡ್ರನ್‌ಗೆ ಬಂದರು. ಆ ದಿನ ಸರ್ಗೋಧಾ ಮೇಲಿನ ದಾಳಿಗೆ 12 ವಿಮಾನ, ಜೊತೆಗೆ ಸ್ಟ್ಯಾಂಡ್‌ಬೈ. ದೇವಯ್ಯ ಸ್ಟ್ಯಾಂಡ್‌ಬೈ. ಯಾರಾದರೂ ತಪ್ಪಿಸಿಕೊಂಡರೆ ಮಾತ್ರ ಅವರ ಸರದಿ, ಅದು ಬಂತು.

ವಾಪಸಾಗುವಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹಿಂದೆ ಬಿದ್ದರು. ಅವರ ಸೈಡ್‌ವೈಂಡರ್ ಕ್ಷಿಪಣಿ ನೆಲಕ್ಕೆ ಬಡಿಯಿತು, ಗನ್ನಿನ ಗುಂಡು ಮಾತ್ರ ದೇವಯ್ಯನವರ ವಿಮಾನಕ್ಕೆ ತಗುಲಿತು. ಕಥೆ ಮುಗಿಯಿತೆಂದು ಹುಸೇನ್ ಬೇರೆಯವರ ಕಡೆ ತಿರುಗಿದರೆ, ಏಟು ತಿಂದ ಮಿಸ್ಟೇರ್ ಇನ್ನೂ ಹಾರುತ್ತಿತ್ತು! ಅದರ ಜೊತೆ ಅವರು ತಿರುವಿನ ಕಾಳಗಕ್ಕಿಳಿದರು, ವೇಗ ಕಳಕೊಂಡರು. ಮಿಸ್ಟೇರ್‌ನ ಎರಡು 30 ಮಿ.ಮೀ. ಡೆಫಾ ಗನ್‌ಗಳಿಗೆ ತಲಾ 150 ಗುಂಡು. ಟ್ರಿಗರ್ ಒತ್ತಿಯೇ ಹಿಡಿದರೆ ಏಳೆಂಟು ಸೆಕೆಂಡಿಗೆ ಖಾಲಿ. ಆದರೆ ಆ ಗಾತ್ರದ ಗುಂಡು ನಾಲ್ಕೈದು ಬಿದ್ದರೂ ಫೈಟರ್ ಉಳಿಯುವುದು ಕಷ್ಟ. ಹುಸೇನ್ ಎಜೆಕ್ಟ್ ಆಗಿ ಬದುಕಿದರು. ದೇವಯ್ಯ ಮರಳಲಿಲ್ಲ. ಗುಂಡೇಟು ಒಂದು ಕಡೆ. ಇಂಧನದ ಲೆಕ್ಕವೂ ಹಾಗೇ ಬಿಗಿ, ಕೆಳಮಟ್ಟದ ಹಾರಾಟ ಇಂಧನ ನುಂಗುತ್ತದೆ, ಕಾಳಗಕ್ಕೆ ನಿಂತವರಿಗೆ ಆದಂಪುರ ದೂರವೇ.

ಇನ್ನು ಪದಕ. ಇದರಲ್ಲಿ ಪಿತೂರಿ ಹುಡುಕಬೇಡಿ. ಉಳಿದವರು ನೆಲ ಸವರಿಕೊಂಡು ಮನೆಯತ್ತ ಧಾವಿಸುತ್ತಿದ್ದರು. ಕಾಳಗ ಕಂಡ ಭಾರತೀಯ ಒಬ್ಬರೂ ಇರಲಿಲ್ಲ, ದೇವಯ್ಯ 'ನಾಪತ್ತೆ' ಅಂತಲೇ ದಾಖಲಾದರು. 1979ರಲ್ಲಿ ಪಾಕಿಸ್ತಾನ ವಾಯುಪಡೆಯ ನೆರವಿನಿಂದ ಬ್ರಿಟಿಷ್ ಲೇಖಕರೊಬ್ಬರು ಬರೆದ ಪುಸ್ತಕದಲ್ಲಿ ಸ್ಟಾರ್‌ಫೈಟರ್ ಬಿದ್ದ ವಿವರ ಬಂತು. ಆ ಜಾಗ, ಆ ಹೊತ್ತಿಗೆ ಮರಳದ ಮಿಸ್ಟೇರ್ ಯಾರದೆಂದು ಹೊಂದಿಸಿದಾಗ ಉಳಿದದ್ದು ಒಂದೇ ಹೆಸರು. ದಾಳಿಯ ನೇತೃತ್ವ ವಹಿಸಿದ್ದ ಓ.ಪಿ. ತನೇಜಾ ಅದನ್ನು ಮೇಲಕ್ಕೆ ಒಯ್ದರು. 1988ರಲ್ಲಿ ಮಹಾವೀರ ಚಕ್ರ ದೇವಯ್ಯನವರ ಪತ್ನಿಯ ಕೈ ಸೇರಿತು.