ಹಾಡು ಬಾಯಿಗೆ ಬಂತು, ವ್ಯಾಕರಣ ಯಾಕೆ ಬರಲಿಲ್ಲ?

ಪ್ರಶ್ನೆ: ಕೆಲವು ಇಂಗ್ಲಿಷ್ ಹಾಡುಗಳು ನನಗೆ ಬಾಯಿಪಾಠ. ಆದರೂ ಮಾತಿಗೆ ನಿಂತರೆ ಕಾಲ ತಪ್ಪುತ್ತದೆ. ಹಾಡಿನಿಂದ ವ್ಯಾಕರಣ ಕಲಿಯಲು ನಿಜಕ್ಕೂ ಆಗುತ್ತದೆಯೇ?

ಉತ್ತರ: ಖಂಡಿತ ಆಗುತ್ತದೆ. ಆದರೆ ಹಾಡು ಸಾಲನ್ನು ಇಡಿಯಾಗಿ ನೆನಪಿನಲ್ಲಿ ಕೂರಿಸುತ್ತದೆ, ಅಷ್ಟೇ. ಅದರಿಂದ ಕ್ರಿಯಾಪದವನ್ನು ಬಿಡಿಸಿ ಬೇರೆ ಮಾತಿಗೆ ಹೊಂದಿಸುವುದು ನಿಮ್ಮ ಕೆಲಸ. ಬಹಳ ಮಂದಿ ಅದನ್ನು ಮಾಡದೆ ಹಾಡಿನಲ್ಲೇ ನಿಂತುಬಿಡುತ್ತಾರೆ.

ನಿಧಾನ ಲಯದ, ಕಥೆ ಹೇಳುವ ಹಾಡನ್ನು ಆರಿಸಿಕೊಳ್ಳಿ; ಅಲ್ಲಿ ಭೂತಕಾಲದ ರೂಪಗಳು ಸಾಲುಸಾಲಾಗಿ ಸಿಗುತ್ತವೆ. ಮೊದಲು ಸಾಹಿತ್ಯ ನೋಡದೆ ಎರಡು ಸಲ ಕೇಳಿ. ಆಮೇಲೆ ಸಾಹಿತ್ಯವನ್ನು ಬರೆದುಕೊಂಡು 8–10 ಕ್ರಿಯಾಪದಗಳ ಜಾಗ ಮಾತ್ರ ಖಾಲಿ ಬಿಡಿ. ಮರುದಿನ ಹಾಡು ಕೇಳುತ್ತ ತುಂಬಿ. 'ವಾಕ್ಟ್ ಟು' ಎಂಬಲ್ಲಿ ಎರಡು ಟಕಾರ ಕೂಡಿಕೊಂಡು 'ವಾಕ್ ಟು' ಎಂದೇ ಕೇಳಿಸುತ್ತದೆ. ಅಲ್ಲಿ ಕಿವಿಯನ್ನು ನಂಬಬೇಡಿ, ಕಥೆ ಯಾವ ಕಾಲದಲ್ಲಿ ನಡೆದಿದೆ ಎಂದು ನೋಡಿ ಬರೆಯಿರಿ.

ಈಗ ರಾಗ ಬಿಡಿ. 'ಐ ವಾಕ್ಟ್ ಹೋಮ್' ಎಂಬ ಸಾಲಿದ್ದರೆ ಅದನ್ನು ಮಾತಿನಂತೆ ಹೇಳಿ, ಬಳಿಕ ತಿರುಗಿಸಿ: 'ಶಿ ವಾಕ್ಸ್ ಹೋಮ್ ಎವ್ರಿ ಡೇ', 'ಶಿ ಡಿಡಂಟ್ ವಾಕ್ ಹೋಮ್', 'ಡಿಡ್ ಶಿ ವಾಕ್ ಹೋಮ್?' ಹಾಡು ಬಾಯಿಪಾಠವಾದವರು 'ಡಿಡ್ ಶಿ ವಾಕ್ಟ್' ಎನ್ನುವುದು ಇಲ್ಲೇ. 'ಡಿಡ್' ಭೂತಕಾಲವನ್ನು ಹೊತ್ತಮೇಲೆ ಕ್ರಿಯಾಪದ ಮೂಲರೂಪಕ್ಕೆ ಮರಳಬೇಕು. ಒಂದು ಹಾಡಿನಿಂದ ನಾಲ್ಕು ಸಾಲನ್ನು ಹೀಗೆ ತಿರುಗಿಸಿದರೆ ಸಾಕು.

ಪ್ರಶ್ನೆ: ಅನಿಯಮಿತ ಕ್ರಿಯಾಪದಗಳ ಪಟ್ಟಿಗೆ ರಾಗ ಹಾಕಿ ಮಕ್ಕಳಿಗೆ ಕಲಿಸಬಹುದೇ?

ಉತ್ತರ: ಕಲಿಸಿ, ಆದರೆ ಅಕಾರಾದಿಯಲ್ಲಿ ಬೇಡ. ಸ್ವರ ಬದಲಾಗುವ ಬಗೆ ನೋಡಿ ಗುಂಪು ಮಾಡಿ: ಸಿಂಗ್–ಸ್ಯಾಂಗ್–ಸಂಗ್, ಡ್ರಿಂಕ್–ಡ್ರ್ಯಾಂಕ್–ಡ್ರಂಕ್ ಒಂದು ಗುಂಪು, ಗ್ರೋ–ಗ್ರೂ–ಗ್ರೋನ್, ಥ್ರೋ–ಥ್ರೂ–ಥ್ರೋನ್ ಇನ್ನೊಂದು, ಕಟ್, ಪುಟ್ ಮೂರೂ ರೂಪದಲ್ಲಿ ಬದಲಾಗದವು. ಒಂದು ಸಲಕ್ಕೆ ಐದಾರು ಪದ, ಪ್ರತಿ ರೂಪಕ್ಕೆ ಒಂದು ಚಪ್ಪಾಳೆ. 'ಬ್ರಿಂಗ್' ಅನ್ನು 'ಸಿಂಗ್' ಜೊತೆ ಸೇರಿಸಬೇಡಿ, ಮಕ್ಕಳು 'ಬ್ರ್ಯಾಂಗ್' ಎಂದುಬಿಡುತ್ತಾರೆ. ಅದರ ಜಾಗ ಥಿಂಕ್–ಥಾಟ್, ಬ್ರಿಂಗ್–ಬ್ರಾಟ್ ಗುಂಪು. ಮೊದಲಿನಿಂದ ಹಾಡಿದರೆ ಮಾತ್ರ ಪದ ನೆನಪಾಗುವುದೂ ಉಂಟು. ಹಾಗಾಗಿ ನಡುವಿನಿಂದ ಕೇಳಿ: 'ಐ ಹ್ಯಾವ್' ಎಂದು ನಿಲ್ಲಿಸಿ, 'ಡ್ರ್ಯಾಂಕೋ ಡ್ರಂಕೋ?'

ಪ್ರಶ್ನೆ: ಹಾಡುಗಳಲ್ಲಿ 'ಶಿ ಡೋಂಟ್', 'ಗೊನ್ನ' ಎಂದೆಲ್ಲ ಇರುತ್ತದಲ್ಲ, ಅವು ತಪ್ಪಲ್ಲವೇ?

ಉತ್ತರ: ಕೆಲವು ಆಡುನುಡಿಗಳಲ್ಲಿ 'ಶಿ ಡೋಂಟ್' ಸಹಜ. 'ಡಸಂಟ್'ಗಿಂತ ಒಂದು ಉಚ್ಚಾರಾಂಶ ಕಡಿಮೆಯಾದ್ದರಿಂದ ಲಯಕ್ಕೂ ಒದಗುತ್ತದೆ. ಪರೀಕ್ಷೆಗೆ, ಅರ್ಜಿಗೆ ಮಾತ್ರ ತರಬೇಡಿ. 'ಗೊನ್ನ' ಎಂದರೆ 'ಗೋಯಿಂಗ್ ಟು', ಮುಂದೆ ಕ್ರಿಯಾಪದ ಇದ್ದರೆ ಮಾತ್ರ. 'ಐಮ್ ಗೊನ್ನ ಸ್ಲೀಪ್' ಸರಿ, ಊರಿನ ಹೆಸರಿನ ಹಿಂದೆ 'ಗೊನ್ನ' ಬರುವುದಿಲ್ಲ.

ಪ್ರಶ್ನೆ: 'ಐಡ್' ಎಂದು ಕೇಳಿಸಿದರೆ ಅದು 'ಹ್ಯಾಡ್' ಎಂದೋ 'ವುಡ್' ಎಂದೋ?

ಉತ್ತರ: ಮುಂದಿನ ಪದ ನೋಡಿ. 'ಐಡ್ ಗಾನ್' ಎಂದು ಮೂರನೆಯ ರೂಪ ಬಂದರೆ 'ಹ್ಯಾಡ್'. 'ಐಡ್ ಗೋ' ಎಂದು ಮೂಲರೂಪ ಬಂದರೆ 'ವುಡ್'. 'ಐಡ್ ಬೆಟರ್ ಗೋ' ಎಂಬಲ್ಲಿ ಮಾತ್ರ ಕೊನೆಗೆ ಮೂಲರೂಪವಿದ್ದರೂ ಅದು 'ಹ್ಯಾಡ್'. 'ಕಟ್', 'ಪುಟ್' ಬಂದಾಗ ರೂಪದಿಂದ ಗೊತ್ತಾಗುವುದಿಲ್ಲ, ಹಿಂದಿನ ಎರಡು ಸಾಲು ಓದಲೇಬೇಕು.