ಕ್ಯಾಲಿಫೋರ್ನಿಯಾದಲ್ಲಿ ಫಾಸ್ಟರ್ ಮಗುವಿಗೆ ಡೇಕೇರ್: ಹುಡುಕೋದು ಹೇಗೆ, ದುಡ್ಡು ಎಲ್ಲಿಂದ?

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಫಾಸ್ಟರ್ ಪೋಷಕರಾಗಲು (ಹೆತ್ತವರ ಜೊತೆ ಇರಲಾಗದ ಮಗುವನ್ನು ಸರ್ಕಾರದ ಮೂಲಕ ತಾತ್ಕಾಲಿಕವಾಗಿ ಸಾಕಲು) ಒಪ್ಪಿಗೆ ಸಿಕ್ಕಿದೆ, ಮಗು ಬಂದ ಮರುದಿನ ಅದನ್ನು ಎಲ್ಲಿ ಬಿಡುವುದು ಎಂದು ಕೇಳಿದ್ದೀರಿ. ನಾವೂ ಕ್ಯಾಲಿಫೋರ್ನಿಯಾದಲ್ಲೇ ಇದೇ ಫಜೀತಿ ಪಟ್ಟವರು, ಹಾಗಾಗಿ ಗೊತ್ತಿದ್ದಷ್ಟು ಹೇಳುತ್ತೇನೆ.

ಮಗು ಮನೆಗೆ ಬಂದ ಮೇಲೆ ಡೇಕೇರ್ ನೋಡೋಣ ಅಂತ ಮಾತ್ರ ಕೂರಬೇಡಿ. ‘ಒಂದು ಮಗುವಿದೆ, ಇಟ್ಟುಕೊಳ್ಳುತ್ತೀರಾ?’ ಎಂದು ಸೋಶಿಯಲ್ ವರ್ಕರ್ ಫೋನ್ ಮಾಡುತ್ತಾರಲ್ಲ, ಆ ಫೋನಿನಲ್ಲೇ ಕೇಳಿಬಿಡಿ: ‘ಬ್ರಿಜ್ ಪ್ರೋಗ್ರಾಂಗೆ ಇವತ್ತೇ ನಮ್ಮ ಹೆಸರು ಕಳಿಸ್ತೀರಾ?’ ಅವರಾಗಿ ಹೇಳುವುದು ಕಡಿಮೆ. ಕೆಟ್ಟವರು ಅಂತಲ್ಲ, ಪಾಪ, ಕೈತುಂಬ ಕೇಸು ಇರುತ್ತವೆ.

ಈ ಬ್ರಿಜ್ ಪ್ರೋಗ್ರಾಂ 2018ರ ಜನವರಿಯಿಂದ ಇದೆ. ದಿಢೀರನೆ ಮಗು ಬಂದ ಮನೆಗೆ ಡೇಕೇರ್ ಖರ್ಚಿಗೆ ವೋಚರ್ ಕೊಡುತ್ತಾರೆ. ಸಾಮಾನ್ಯವಾಗಿ 6 ತಿಂಗಳು. ಅಷ್ಟರಲ್ಲಿ ಬೇರೆ ದಾರಿ ಆಗದಿದ್ದರೆ 12 ತಿಂಗಳವರೆಗೂ ಮುಂದುವರಿಸಬಹುದು. ಮೊಮ್ಮಗುವನ್ನೋ ತಂಗಿಯ ಮಗುವನ್ನೋ ತುರ್ತಾಗಿ ಇಟ್ಟುಕೊಂಡ ನೆಂಟರಿಗೂ ಇದು ಅನ್ವಯಿಸುತ್ತದೆ. ಆದರೆ ಸೇರುವುದು ಬಿಡುವುದು ಆಯಾ ಕೌಂಟಿಯ (ಜಿಲ್ಲೆಯ) ಇಷ್ಟ, ಹಾಗಾಗಿ ನಿಮ್ಮ ಕೌಂಟಿಯಲ್ಲಿ ಇದೆಯಾ ಎಂದು ಮೊದಲು ನೋಡಿ. ಡೇಕೇರ್ ಫೀಸು ವೋಚರಿಗಿಂತ ಜಾಸ್ತಿ ಇದ್ದರೆ ಉಳಿದದ್ದನ್ನು ಯಾರು ಕಟ್ಟಬೇಕು ಅನ್ನುವುದನ್ನೂ ಆಗಲೇ ಕೇಳಿಕೊಳ್ಳಿ.

ನನ್ನನ್ನು ಕೇಳಿದರೆ ವೋಚರಿಗಿಂತ ದೊಡ್ಡ ಉಪಕಾರ ನ್ಯಾವಿಗೇಟರ್. ಇದೇ ಪ್ರೋಗ್ರಾಂನಲ್ಲಿ ನಿಮಗಾಗಿ ಡೇಕೇರ್ ಹುಡುಕಿಕೊಡಲು ಒಬ್ಬರು ಇರುತ್ತಾರೆ. ಯಾವ ಮನೆಯಲ್ಲಿ ಜಾಗ ಖಾಲಿ ಇದೆ, ಯಾರು ಇಂಥ ಮಕ್ಕಳನ್ನು ನೋಡಿಕೊಳ್ಳುವ ತರಬೇತಿ ತೆಗೆದುಕೊಂಡಿದ್ದಾರೆ, ಎಲ್ಲ ಅವರಿಗೆ ಗೊತ್ತು. ಈ ತರಬೇತಿ ಸಣ್ಣ ವಿಷಯ ಅಲ್ಲ. ನಮ್ಮ ಮನೆಗೆ ಬಂದ ಮಗು ಮಧ್ಯಾಹ್ನ ಮಲಗುವಾಗ ಶೂ ಬಿಚ್ಚಲು ಬಿಡುತ್ತಿರಲಿಲ್ಲ. ಡೇಕೇರ್ ಆಂಟಿ ಒತ್ತಾಯ ಮಾಡದೆ, ಹಾಸಿಗೆಯ ಕಾಲಿನ ಕಡೆ ಒಂದು ಹಳೇ ಟವೆಲ್ ಹಾಸಿ ಸುಮ್ಮನಾದರು. ಬಣ್ಣದ ಗೋಡೆ, ಹೊಸ ಆಟಿಕೆ ನೋಡಿ ಡೇಕೇರ್ ಆರಿಸಬೇಡಿ. ‘ಮಗು ಅತ್ತು ರಂಪ ಮಾಡಿದರೆ ಏನು ಮಾಡ್ತೀರಿ?’ ಎಂದು ಕೇಳಿ, ಉತ್ತರದಲ್ಲೇ ಗೊತ್ತಾಗುತ್ತದೆ.

ಲಸಿಕೆಯ ದಾಖಲೆ ಇಲ್ಲ ಎಂದು ಯಾರಾದರೂ ವಾಪಸ್ ಕಳಿಸಿದರೆ ನ್ಯಾವಿಗೇಟರಿಗೆ ಹೇಳಿ. ಫಾಸ್ಟರ್ ಮಕ್ಕಳಿಗೆ ಅದನ್ನು ಆಮೇಲೆ ತಂದುಕೊಡಲು ಸಮಯ ಕೊಡಬೇಕೆಂದು, ಸರ್ಕಾರ ಫೀಸಿಗೆ ನೆರವು ಕೊಡುವ ಸಬ್ಸಿಡಿ ಡೇಕೇರ್‌ಗಳ ಕೇಂದ್ರ ಸರ್ಕಾರದ ನಿಯಮವೇ ಹೇಳುತ್ತದೆ. ಮಗುವನ್ನು ಯಾರು ಕರೆದುಕೊಂಡು ಹೋಗಬಹುದು, ಯಾರು ಹೋಗಬಾರದು ಅನ್ನುವುದನ್ನು ಬರವಣಿಗೆಯಲ್ಲೇ ಕೊಡಿ. ಹೆತ್ತವರ ಭೇಟಿಗೆ ವಾರದ ನಡುವೆ ಕರೆದೊಯ್ಯುವವರು ಬೇರೆ ಇರುತ್ತಾರೆ, ಅವರ ಹೆಸರೂ ಅದರಲ್ಲಿರಲಿ. ಮಗುವಿನ ಮನೆಕಥೆ ಎಲ್ಲ ಡೇಕೇರಿನವರಿಗೆ ಬೇಡ.

ವೋಚರ್ ಬಂತೆಂದು ನಿರಾಳವಾಗಿ ಕೂತರೆ ಅದು ಮುಗಿಯುವ ಹೊತ್ತಿಗೆ ಪೇಚಾಟ. ಮೊದಲ ವಾರದಲ್ಲೇ ಸಬ್ಸಿಡಿ ಡೇಕೇರ್‌ನ ಕಾಯುವ ಪಟ್ಟಿಗೆ ಹೆಸರು ಹಾಕಿಸಿ. ಮಗುವಿಗೆ ಇನ್ನೂ 5 ತುಂಬಿಲ್ಲವಾದರೆ ಕೇಂದ್ರ ಸರ್ಕಾರದ ಉಚಿತ ಶಿಶುವಿಹಾರವಾದ ಹೆಡ್ ಸ್ಟಾರ್ಟ್‌ಗೂ ಅರ್ಜಿ ಹಾಕಿ, 3 ವರ್ಷದೊಳಗಿದ್ದರೆ ಅರ್ಲಿ ಹೆಡ್ ಸ್ಟಾರ್ಟ್‌ಗೆ. ಫಾಸ್ಟರ್ ಮಗುವಾದರೆ ನಿಮ್ಮ ಸಂಬಳ ಎಷ್ಟೇ ಇರಲಿ, ಅರ್ಹತೆ ಇದ್ದೇ ಇರುತ್ತದೆ. ಜಾಗ ಖಾಲಿ ಇರಬೇಕು, ಅಷ್ಟೇ. ನಮ್ಮ ಸಂಬಳಕ್ಕೆ ಇದೆಲ್ಲ ಸಿಗಲ್ಲ ಅಂತ ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ.

ಇನ್ನು ಟ್ಯಾಕ್ಸ್. 13 ವರ್ಷದೊಳಗಿನ ಮಗು ವರ್ಷದ ಅರ್ಧಕ್ಕಿಂತ ಜಾಸ್ತಿ ನಿಮ್ಮ ಜೊತೆ ಇದ್ದರೆ, ನಿಮ್ಮ ಜೇಬಿನಿಂದ ಕಟ್ಟಿದ ಡೇಕೇರ್ ಫೀಸಿಗೆ ಟ್ಯಾಕ್ಸ್ ಕ್ರೆಡಿಟ್, ಅಂದರೆ ಟ್ಯಾಕ್ಸಿನಲ್ಲಿ ಕಡಿತ, ಕೇಳಬಹುದು. ವೋಚರಿನಿಂದ ಹೋದ ದುಡ್ಡು ಲೆಕ್ಕಕ್ಕಿಲ್ಲ. ಡೇಕೇರ್‌ನವರ ಟ್ಯಾಕ್ಸ್ ನಂಬರ್ ಬೇಕಾಗುತ್ತದೆ, ಮಗುವಿನ ಸೋಶಿಯಲ್ ಸೆಕ್ಯುರಿಟಿ ನಂಬರೂ ಬೇಕು. ಎರಡನೆಯದನ್ನು ವರ್ಕರ್ ಹತ್ತಿರ ಟ್ಯಾಕ್ಸ್ ಫೈಲ್ ಮಾಡುವ ಏಪ್ರಿಲ್‌ನಲ್ಲಿ ಕೇಳಬೇಡಿ, ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.